ನೈರೋಬಿಯಲ್ಲಿ ಏನು ತಿನ್ನೋದು, ಏನು ನೋಡೋದು?

ಪ್ರಶ್ನೆ: ಮಗ ನೈರೋಬಿಯಲ್ಲಿದ್ದಾನೆ. ಜುಲೈಯಲ್ಲಿ ನಾವಿಬ್ಬರೂ ಹತ್ತು ದಿನಕ್ಕೆ ಹೋಗುತ್ತೇವೆ. ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು? ಏನೇನು ನೋಡಬಹುದು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಊಟದ ಚಿಂತೆ ಬಿಡಿ. ನಾನೂ ಕುಂಬಳೆಯವಳು, ನೈರೋಬಿಯಲ್ಲಿ ನಾಲ್ಕು ವರ್ಷ ಇದ್ದೆ. ಪಾರ್ಕ್‌ಲ್ಯಾಂಡ್ಸ್‌ನ ಡೈಮಂಡ್ ಪ್ಲಾಜಾಕ್ಕೆ ಹೋದರೆ ನಮ್ಮ ಕಡೆಯ ತಿಂಡಿಗಳೇ ಸಿಗುತ್ತವೆ. ಆದರೆ ಅಲ್ಲಿ ‘ಮೊಗೋ’ ಕೇಳಿ ತಿನ್ನಿ. ಅದು ನಮ್ಮ ಮರಗೆಣಸೇ! ಬೆರಳುದ್ದ ಸೀಳಿ, ಕರಿದು, ಮೆಣಸಿನ ಪುಡಿ ಉದುರಿಸಿ ಲಿಂಬೆ ಹಿಂಡಿ ಕೊಡುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬಾಯಿ ಸುಡುತ್ತಿದ್ದರೂ ಕೈ ನಿಲ್ಲುವುದಿಲ್ಲ. ಅಲ್ಲಿನವರ ಊಟ ಉಗಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಮಾಂಸದ ಸಾರು ಹಾಕಿಲ್ಲ ತಾನೇ ಎಂದು ಮೊದಲೇ ಕೇಳಿಕೊಳ್ಳಿ. ಚಪಾತಿ, ಚಾಯ್‌ಗೆ ಸ್ವಾಹಿಲಿಯಲ್ಲೂ ಅದೇ ಹೆಸರು.

ಜಿರಾಫೆ ಸೆಂಟರ್ ತಪ್ಪಿಸಬೇಡಿ. ಅಂಗೈಯಲ್ಲಿ ತಿಂಡಿ ಹಿಡಿದರೆ ಒಂದೂವರೆ ಅಡಿ ಉದ್ದದ ಕಪ್ಪು ನಾಲಿಗೆ ಬಂದು ಬಾಚಿಕೊಳ್ಳುತ್ತದೆ. ಒರಟು, ಬೆಚ್ಚಗೆ! ಶೆಲ್ಡ್ರಿಕ್‌ನಲ್ಲಿ ಅನಾಥ ಆನೆಮರಿಗಳಿಗೆ ಬಾಟಲಿ ಹಾಲು ಕುಡಿಸುವುದನ್ನೂ ನೋಡಬಹುದು. ಬೆಳಿಗ್ಗೆ 11ರಿಂದ 12 ಮಾತ್ರ, ಮೊದಲೇ ಬುಕ್ ಮಾಡಿ. ನ್ಯಾಷನಲ್ ಪಾರ್ಕ್‌ಗೆ ನಸುಕಿನಲ್ಲೇ ಹೊರಡಿ, ಸಿಂಹ ಕಾಣುವ ಅವಕಾಶ ಜಾಸ್ತಿ.

ಜುಲೈಯಲ್ಲಿ ಅಲ್ಲಿ ಚಳಿ, ಸ್ವೆಟರ್ ಬೇಕೇಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿ, ಆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇಡಿ. ವಾಪಸ್ ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ.