ಹ್ಯಾಂಡೆಲ್, ಹೆಂಡ್ರಿಕ್ಸ್ ಇಬ್ಬರೂ ಲಂಡನ್ನಿನ ಒಂದೇ ಮನೆಯಲ್ಲಿದ್ದರೇ? ಅಲ್ಲಿದ್ದ ಪ್ರಸಿದ್ಧರ ಪಟ್ಟಿ ಮಾಡುವುದು ಹೇಗೆ?

ಒಂದೇ ಮನೆಯಲ್ಲ, ಅಕ್ಕಪಕ್ಕದ ಮನೆ. ಜರ್ಮನಿಯಿಂದ ಬಂದ ಸಂಗೀತ ರಚನಕಾರ ಹ್ಯಾಂಡೆಲ್ 1723ರಿಂದ 1759ರಲ್ಲಿ ತೀರಿಕೊಳ್ಳುವವರೆಗೂ ಬ್ರೂಕ್ ಸ್ಟ್ರೀಟಿನ 25ರಲ್ಲಿದ್ದರು. ರಾಕ್ ಗಿಟಾರ್ ವಾದಕ ಹೆಂಡ್ರಿಕ್ಸ್ 1968-69ರಲ್ಲಿ ಬಾಡಿಗೆಗಿದ್ದದ್ದು 23ರ ಮೇಲಂತಸ್ತಿನಲ್ಲಿ.

ಆದರೆ ಪ್ರಸಿದ್ಧರ ಪಟ್ಟಿಯಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿಯೇ ಎಡವಿದ್ದು. ಹಳೆಯ ಜೀವನಚರಿತ್ರೆಗಳಲ್ಲಿ ಹ್ಯಾಂಡೆಲ್ ವಿಳಾಸ 57 ಎಂದಿದೆ. ಸರಿ, ನಡುವೆ ಮನೆ ಬದಲಿಸಿರಬೇಕು ಅಂತ ಬರೆದುಬಿಟ್ಟೆ. ಬದಲಾದದ್ದು ಮನೆಯಲ್ಲ, ಬೀದಿಯ ಮನೆಗಳ ನಂಬರು! ಹಿಂದೊಮ್ಮೆ 25 ಎಂಬ ನಂಬರಿದ್ದ ಬೇರೆ ಯಾವುದೋ ಮನೆಯವರನ್ನೆಲ್ಲ ತಂದು ಹ್ಯಾಂಡೆಲ್ ಮನೆಯಲ್ಲಿ ಕೂರಿಸಿದ್ದೆ. ಪಟ್ಟಿ ಪೂರ್ತಿ ಹರಿದುಹಾಕಬೇಕಾಯಿತು.

ಶುರು ಮಾಡಬೇಕಾದದ್ದು ತೆರಿಗೆ ಪುಸ್ತಕಗಳಿಂದ. ಹ್ಯಾಂಡೆಲ್ ಕಾಲದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮನೆ ನಂಬರೇ ಇರುವುದಿಲ್ಲ. ವಸೂಲಿಗೆ ಬಂದವನು ಬೀದಿಯಲ್ಲಿ ನಡೆದ ಕ್ರಮದಲ್ಲಿ ಹೆಸರುಗಳಿರುತ್ತವೆ. ಹಾಗಾಗಿ ನಂಬರು ಬಿಟ್ಟು ಮೂಲೆಯಿಂದ ಎಣಿಸಿ. ನಿಮ್ಮ ಮನೆಯ ಹೆಸರಿನ ಜೊತೆಗೆ ಹಿಂದಿನ ಎರಡು, ಮುಂದಿನ ಎರಡು ಹೆಸರನ್ನೂ ಬರೆದುಕೊಳ್ಳಿ. ಮರುವರ್ಷ ನಡುವಿನದು ಮಾತ್ರ ಬದಲಾಗಿ ಉಳಿದ ನಾಲ್ಕು ಹಾಗೇ ಇದ್ದರೆ, ಅದೇ ಮನೆಗೆ ಹೊಸಬರು ಬಂದಿದ್ದಾರೆ ಎಂದರ್ಥ. ಒಂದು ವರ್ಷವನ್ನೂ ಹಾರಿಸಬೇಡಿ. ಐದು ವರ್ಷಕ್ಕೊಮ್ಮೆ ನೋಡಿದರೆ ನೆರೆಯವರೂ ಬದಲಾಗಿರುತ್ತಾರೆ, ಆಮೇಲೆ ಯಾವ ಮನೆ ಯಾವುದೆಂದು ತಿಳಿಯುವುದಿಲ್ಲ.

ಮಾಲೀಕತ್ವದ ಪತ್ರಗಳಲ್ಲಿ ಹ್ಯಾಂಡೆಲ್ ಹೆಸರು ಹುಡುಕಿ ದಣಿಯಬೇಡಿ. 1727ರಲ್ಲಿ ಬ್ರಿಟಿಷ್ ಪ್ರಜೆಯಾದ ಮೇಲೂ ಅವರು ಅಲ್ಲಿ ಬಾಡಿಗೆದಾರರೇ.

ಇನ್ನೊಂದು ವಿಷಯ: ತೆರಿಗೆ ಪುಸ್ತಕದಲ್ಲಿರುವುದು ತೆರಿಗೆ ಕಟ್ಟಿದವರು ಮಾತ್ರ. ಮನೆಯೊಳಗಿನ ಆಳುಕಾಳು ಅಲ್ಲಿ ಕಾಣುವುದಿಲ್ಲ. 1841ರಿಂದ 1921ರವರೆಗಾದರೆ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ ಮನೆಯವರೆಲ್ಲರ ಹೆಸರು ಸಿಗುತ್ತದೆ. ಅದಕ್ಕೂ ಹಿಂದಿನವರಿಗೆ ಉಯಿಲು, ಸಾಮಾನು ಪಟ್ಟಿಗಳೇ ಗತಿ. ಹ್ಯಾಂಡೆಲ್ ತೀರಿಕೊಂಡ ಮೇಲೆ ಒಂದೊಂದು ಕೋಣೆಯ ಸಾಮಾನನ್ನೂ ಬರೆದಿಟ್ಟರು, ಕೆಂಪು ಪರದೆಯ ಮಂಚವನ್ನೂ ಬಿಡದೆ. ಅದನ್ನೆಲ್ಲ 48 ಪೌಂಡಿಗೆ ಕೊಂಡು ಮನೆಯನ್ನೂ ವಹಿಸಿಕೊಂಡವರು ಅವರ ಸೇವಕ ಜಾನ್ ಡು ಬುರ್ಕ್. ಯಜಮಾನನ ಹಾಸಿಗೆ ಹಾಸುತ್ತಿದ್ದ ಮನೆಯಲ್ಲೇ ಬಾಡಿಗೆದಾರರಾಗಿ ಉಳಿದ ಈ ಮನುಷ್ಯ ಪ್ರಸಿದ್ಧರ ಪಟ್ಟಿಯಲ್ಲಿ ಬರುವುದಿಲ್ಲ. ನಿಮ್ಮ ಬರಹದಲ್ಲಿ ಹೆಂಡ್ರಿಕ್ಸ್‌ಗಿಂತ ಮೊದಲು ಇವರಿಗೆ ಜಾಗ ಕೊಡಿ.