ಕಿಮೊಥೆರಪಿಯ ನಡುವೆ ಕೋಸಿನ ಸಲಾಡು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಈ ಪ್ರಕರಣದಲ್ಲಿ ಹೆಸರನ್ನೂ ಕೆಲವು ಕೌಟುಂಬಿಕ ವಿವರಗಳನ್ನೂ ಬದಲಿಸಲಾಗಿದೆ. ಇಲ್ಲಿ ಶಾಂತಮ್ಮ ಎಂದು ಕರೆದಿರುವ 56 ವರ್ಷದ ಗೃಹಿಣಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ, 21 ದಿನಗಳಿಗೊಮ್ಮೆ ಕಿಮೊಥೆರಪಿ ನಡೆಯುತ್ತಿತ್ತು. ಮೂರನೆಯ ಸುತ್ತಿನ ಹೊತ್ತಿಗೆ ಅವರ ತೂಕ 58 ಕಿಲೋದಿಂದ 54ಕ್ಕೆ ಇಳಿದಿತ್ತು. ಊಟ ಸೇರುತ್ತಿಲ್ಲ, ಮನೆಯವರೊಡನೆ ಮಾತೂ ಕಡಿಮೆಯಾಗಿದೆ ಎಂದು ಕ್ಯಾನ್ಸರ್ ತಜ್ಞರು ಅವರನ್ನು ನನ್ನಲ್ಲಿಗೆ ಕಳಿಸಿದ್ದರು.

ಜೊತೆಗೆ ಬಂದಿದ್ದ ಮಗ ಕುಳಿತ ಕೂಡಲೇ ಮೊಬೈಲಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದರು. ಬೆಳಿಗ್ಗೆ 300 ಗ್ರಾಂ ಹಸಿ ಸಲಾಡು: ಬ್ರೊಕೊಲಿ, ಎಲೆಕೋಸು, ಮೂಲಂಗಿ, ಮೇಲೆ ನಿಂಬೆರಸ. ಈ ತರಕಾರಿಗಳಲ್ಲಿ ಕ್ಯಾನ್ಸರನ್ನು ತಡೆಯುವ ಅಂಶವಿದೆಯೆಂದು ಅವರು ಓದಿಕೊಂಡಿದ್ದರು. ಪ್ರತಿ ದಿನದ ಮುಂದೆ ಎಷ್ಟು ತಿಂದರು, ಎಷ್ಟು ಉಳಿಸಿದರು ಎಂಬ ಲೆಕ್ಕ. ಅವರು ಮಾತಾಡುವಷ್ಟು ಹೊತ್ತೂ ತಾಯಿ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದರು.

ಮಗನನ್ನು ಹೊರಗೆ ಕೂರಿಸಿ ಕೇಳಿದಾಗ ಶಾಂತಮ್ಮ ಹೇಳಿದರು: "ಬಾಯೆಲ್ಲ ಹುಣ್ಣು ಮೇಡಂ, ನಿಂಬೆಹುಳಿ ತಾಗಿದರೆ ಜೀವ ಹೋದಂಗಾಗುತ್ತೆ. ಅದನ್ನ ತಿಂದರೆ ಹೊಟ್ಟೆ ಉಬ್ಬರಿಸಿ ಮಧ್ಯಾಹ್ನ ಅನ್ನ ಸೇರಲ್ಲ. ಬೇಡ ಅಂದರೆ ಅವನ ಮುಖ ನೋಡಕ್ಕಾಗಲ್ಲ." ಅದಕ್ಕಾಗಿ ಅವರು ಮಗ ಕೆಲಸಕ್ಕೆ ಹೋದ ಮೇಲೆ ಸಲಾಡನ್ನು ಕವರಿಗೆ ಸುರಿದು ಹಿಂದಿನ ಮನೆಯ ಹಸುವಿಗೆ ಹಾಕಿಬರುತ್ತಿದ್ದರು. ಒಂದು ದಿನ ಮಗ ಅದನ್ನು ಕಂಡರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತ್ತು.

ಒಂದು ಬಟ್ಟಲು ಸಲಾಡಿಗೆ ಇಷ್ಟು ಮುನಿಸು ಏಕೆಂಬುದು ಮಗನೊಡನೆ ಪ್ರತ್ಯೇಕವಾಗಿ ಮಾತಾಡಿದಾಗ ತಿಳಿಯಿತು. ಎದೆಯಲ್ಲಿ ಗಂಟು ಕಂಡ ಮೇಲೂ ಶಾಂತಮ್ಮ, ಮಗಳ ಮದುವೆ ಮುಗಿಯಲಿ ಎಂದು ಹಲವು ತಿಂಗಳು ಯಾರಿಗೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿದ್ದೂ ತನಗೆ ಗೊತ್ತಾಗಲಿಲ್ಲವೆಂಬ ಕೊರಗು ಮಗನನ್ನು ಬಿಟ್ಟಿರಲಿಲ್ಲ. ಹಸುವಿನ ಮುಂದೆ ಬಿದ್ದಿದ್ದ ಬ್ರೊಕೊಲಿಯನ್ನು ಕಂಡಾಗ ಅವರಿಗೆ ಅನ್ನಿಸಿದ್ದು "ಅಮ್ಮ ಮತ್ತೆ ಮುಚ್ಚಿಡುತ್ತಿದ್ದಾರೆ" ಎಂದು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇದು. ಇದನ್ನು ಬಿಟ್ಟು ಬರೀ ಪಥ್ಯದ ಚೀಟಿ ಬರೆದುಕೊಟ್ಟಿದ್ದರೆ ಅದೂ ಹಸುವಿನ ಪಾಲಾಗುತ್ತಿತ್ತು.

ಮಗ ಓದಿಕೊಂಡಿದ್ದು ಸುಳ್ಳಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡೆ. ಎಲೆಕೋಸು, ಹೂಕೋಸು, ಬ್ರೊಕೊಲಿ, ನವಿಲುಕೋಸು, ಮೂಲಂಗಿ, ಸಾಸಿವೆ ಎಲ್ಲವೂ ಒಂದೇ ಕುಟುಂಬದ ಸಸ್ಯಗಳು. ಅವುಗಳಲ್ಲಿ ಗ್ಲುಕೊಸಿನೊಲೇಟ್ ಎಂಬ ಗಂಧಕಯುಕ್ತ ಸಂಯುಕ್ತಗಳಿವೆ. ಹೆಚ್ಚಿದಾಗ ಅಥವಾ ಅಗಿದಾಗ ಮೈರೊಸಿನೇಸ್ ಎಂಬ ಕಿಣ್ವ ಅವುಗಳೊಡನೆ ಸೇರಿ ಸಲ್ಫೊರಾಫೇನಿನಂಥ ವಸ್ತುಗಳನ್ನು ಹುಟ್ಟಿಸುತ್ತದೆ. 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಅವರ ತಂಡ ಬ್ರೊಕೊಲಿಯಲ್ಲಿ ಸಲ್ಫೊರಾಫೇನನ್ನು ಗುರುತಿಸಿದ ಮೇಲೆ ಆ ತರಕಾರಿಗೆ ದೊಡ್ಡ ಹೆಸರು ಬಂದಿತು. ಆದರೆ ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡ, ಕ್ಯಾನ್ಸರನ್ನು ತಡೆಯುವ ಪರಿಣಾಮವೇ ಚಿಕಿತ್ಸೆಯಲ್ಲಿರುವ ರೋಗಿಯ ದೇಹದಲ್ಲೂ ಆಗುತ್ತದೆಂದು ಸಾಬೀತಾಗಿಲ್ಲ. ಈ ತರಕಾರಿಗಳು ಒಳ್ಳೆಯ ಆಹಾರವೇ ಹೊರತು ಔಷಧಿಯಲ್ಲ. ಒಂದು ದಿನ ತಿನ್ನದಿದ್ದರೆ ಕಿಮೊ ಕೆಲಸ ಮಾಡುವುದು ನಿಲ್ಲುವುದಿಲ್ಲ. ಈ ಕೊನೆಯ ಮಾತನ್ನು ಮಗ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಶಾಂತಮ್ಮನವರ ಅಂದಿನ ತುರ್ತು ಬೇರೆಯದೇ ಆಗಿತ್ತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಮಿನವರೆಗೆ ಪ್ರೋಟೀನ್ ಬೇಕಾಗುತ್ತದೆ. ಆ ಲೆಕ್ಕದಲ್ಲಿ ಅವರಿಗೆ ಬೇಕಾದದ್ದು 54ರಿಂದ 81 ಗ್ರಾಂ. ಮಗ ಅಷ್ಟು ಶ್ರದ್ಧೆಯಿಂದ ತೂಗಿ ಕೊಡುತ್ತಿದ್ದ ಸಲಾಡಿನಲ್ಲಿದ್ದ ಪ್ರೋಟೀನು ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು, ಅದೂ ಹೊಟ್ಟೆ ತುಂಬಿಸಿ ಮುಂದಿನ ಊಟವನ್ನು ಕೆಡಿಸುತ್ತಿತ್ತು. ಜೊತೆಗೆ, ಕಿಮೊ ಆದ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುವುದರಿಂದ, ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ ಸೋಂಕಿನ ಭಯವಿರುತ್ತದೆ. ಹೂಕೋಸನ್ನು ಉಪ್ಪು, ಅರಿಸಿನದ ಬಿಸಿನೀರಿನಲ್ಲಿ ಅದ್ದಿಟ್ಟರೆ ಹುಳುಗಳು ಹೊರಬೀಳುತ್ತವೆ ನಿಜ. ರೋಗಾಣುಗಳ ವಿಷಯದಲ್ಲಿ ಅದನ್ನು ನಂಬುವಂತಿಲ್ಲ, ಬೇಯಿಸುವುದೇ ಸರಿ.

ಆಹಾರತಜ್ಞೆಯೊಡನೆ ಸಮಾಲೋಚಿಸಿ ಸಲಾಡನ್ನು ಉಳಿಸಿಕೊಂಡೆವು, ರೂಪವನ್ನು ಬದಲಿಸಿದೆವು. ಎಲೆಕೋಸಿನ ಹೊರಗಿನ ಎಲೆಗಳನ್ನು ತೆಗೆದು, ಹರಿಯುವ ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಹಾಗೆಯೇ ಬಿಡಬೇಕು. ಕಿಣ್ವ ತನ್ನ ಕೆಲಸವನ್ನು ಆಗಲೇ ಮುಗಿಸಿರುತ್ತದೆ. ಆಮೇಲೆ ಮೆತ್ತಗಾಗುವವರೆಗೆ ಹಬೆಯಲ್ಲಿ ಬೇಯಿಸಿ, ಚೆನ್ನಾಗಿ ಬೆಂದ ಹೆಸರುಬೇಳೆ, ತುಸು ಎಣ್ಣೆ, ಉಪ್ಪು ಬೆರೆಸಿ ಆಗಲೇ ತಿನ್ನಬೇಕು. ಬಾಯಿಹುಣ್ಣು ಇರುವಾಗ ನಿಂಬೆಯಾಗಲಿ ಹಸಿಮೆಣಸಾಗಲಿ ಬೇಡ. ಹುಣ್ಣು ಮಾಗಿದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಸೇರಿಸಬಹುದು, ಅದರಲ್ಲೂ ಅದೇ ಕಿಣ್ವವಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಅದು ಉಳಿಯುವುದಿಲ್ಲ. ಮಲೆನಾಡಿನವರು ಹಸಿ ಸಾಸಿವೆಯನ್ನು ಕಾಯಿಯೊಡನೆ ರುಬ್ಬಿ ಮಾಡುವ, 'ಸಾಸಿವೆ' ಎಂದೇ ಕರೆಯುವ ವ್ಯಂಜನವನ್ನು ತಾಯಿ ನೆನಪಿಸಿಕೊಂಡಾಗ, ಬಹಳ ದಿನಗಳ ಮೇಲೆ ಅವರ ಬಾಯಲ್ಲಿ ಊಟದ ಮಾತು ಬಂತೆಂದು ಮಗ ಹೇಳಿದರು. ಶಾಂತಮ್ಮನವರಂತೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕೋಸು ತಿನ್ನಬಾರದೆಂದು ನೆರೆಯವರು ಹೆದರಿಸಿದ್ದರು. ಬೇಯಿಸಿ ಮಿತವಾಗಿ ತಿಂದರೆ ತೊಂದರೆಯಿಲ್ಲವೆಂದು ವೈದ್ಯರಿಂದಲೇ ಹೇಳಿಸಿದೆವು.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾಡಿಕೊಂಡ ಒಪ್ಪಂದದಲ್ಲಿ ಬಡಿಸಿಕೊಳ್ಳುವ ಸೌಟು ಶಾಂತಮ್ಮನವರ ಕೈಯಲ್ಲೇ ಇರಬೇಕೆಂದು ತೀರ್ಮಾನವಾಯಿತು. ಬೇಡವಾದರೆ ಬಾಯಿಬಿಟ್ಟು "ಬೇಡ" ಎನ್ನಬೇಕು, ಕದ್ದು ಚೆಲ್ಲಬಾರದು. "ಬೇಡ" ಎಂದಾಗ ಮಗ ಕಾರಣ ಕೇಳಬಾರದು, ಬದಲಿಗೆ ಏನು ಕೊಡಲಿ ಎಂದಷ್ಟೇ ಕೇಳಬೇಕು. ಹೊಟ್ಟೆಗೆ ಹೊಂದಿದರೆ ದಿನಕ್ಕೆ ಎರಡು ಮೊಟ್ಟೆ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಬೇಳೆಯ ತೊವ್ವೆ ಮೊದಲು, ಕೋಸು ಆಮೇಲೆ. ಮಗನ ಪಟ್ಟಿಯನ್ನು ನಿಲ್ಲಿಸಲಿಲ್ಲ, ಲೆಕ್ಕವಿಡದೆ ಅವರಿಗೆ ಸಮಾಧಾನವಿರದು. ಅದರಲ್ಲಿ ಸಲಾಡಿನ ಗ್ರಾಮುಗಳ ಬದಲು ವಾರಕ್ಕೊಮ್ಮೆ ತಾಯಿಯ ತೂಕ, ದಿನಕ್ಕೆ ಎರಡು ಸಲ ಮೈಯ ತಾಪ ಬರೆಯಲು ಹೇಳಿದೆ. ತಾಪ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ, ಮನೆಯಲ್ಲಿ ಜ್ವರದ ಮಾತ್ರೆ ನುಂಗಿಸಿ ನೋಡದೆ, ಆಗಲೇ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು.

ಮುಂದಿನ ಸುತ್ತಿನ ಹೊತ್ತಿಗೆ ತೂಕ ಇಳಿಯುವುದು ನಿಂತಿತ್ತು. ಶಾಂತಮ್ಮ ಮೂರು ದಿನ ಕೋಸು ಬೇಡವೆಂದಿದ್ದರು, ಮಗ ಸುಮ್ಮನಿದ್ದರು. ಹೊರಡುವಾಗ ಅವರು ಚೀಲದಿಂದ ಬ್ರೊಕೊಲಿ ಸಾರದ ಗುಳಿಗೆಗಳ ಡಬ್ಬಿಯೊಂದನ್ನು ತೆಗೆದು, ಇನ್ನೂ ತೆರೆದಿಲ್ಲ, ಇದನ್ನಾದರೂ ಕೊಡಬಹುದೇ ಎಂದು ಕೇಳಿದರು. ಸಾರೀಕರಿಸಿದ ಗುಳಿಗೆಗಳು ಚಿಕಿತ್ಸೆಯ ಔಷಧಿಗಳೊಡನೆ ಹೇಗೆ ವರ್ತಿಸುತ್ತವೆಂಬುದು ಆಪ್ತಸಲಹೆಗಾರರು ಹೇಳುವ ವಿಷಯವಲ್ಲವಾದ್ದರಿಂದ ಡಬ್ಬಿಯನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಲು ಹೇಳಿದೆ. ಕಿಮೊ ಮುಗಿಯುವವರೆಗೆ ಬೇಡವೆಂದು ಅವರು ಬರೆದುಕೊಟ್ಟರು.