ಹಳೆಯ ಫಿಯೆಟ್‌ನ ಹುಟ್ಟುಬಣ್ಣ ಯಾವುದು?

ಪ್ರಶ್ನೆ: ತಂದೆಯವರ 1967ರ ಫಿಯೆಟ್ 1100 ಡಿಲೈಟ್ ಈಗ ಬಿಳಿ ಇದೆ. ಮೊದಲು ಬೂದು ಇತ್ತಂತೆ. ಪೇಂಟರ್ ಶೇಡ್ ಕಾರ್ಡ್ ಕೈಗಿಟ್ಟು ಆರಿಸಿ ಅನ್ನುತ್ತಾರೆ. ಮೂಲ ಬಣ್ಣ ತಿಳಿಯುವುದು ಹೇಗೆ?
– ಓದುಗರು, ಹಾಸನ

ಉತ್ತರ: ಕಾರ್ಡ್ ಸದ್ಯಕ್ಕೆ ಬೇಡ, ಕಾರನ್ನೇ ಕೇಳಿ. ಬಾಗಿಲಿನ ಪ್ಯಾಡ್ ಹಿಂದೆ, ಟೈಲ್ ಲ್ಯಾಂಪಿನ ರಬ್ಬರ್ ಅಡಿಯಲ್ಲಿ, ಹಿಂದಿನ ಸೀಟಿನ ಕೆಳಗೆ ಬಿಸಿಲೂ ಬಿದ್ದಿರುವುದಿಲ್ಲ, ಎರಡನೇ ಪೇಂಟರನ ಗನ್ ಕೂಡ ಸಾಮಾನ್ಯವಾಗಿ ತಲುಪಿರುವುದಿಲ್ಲ.

ಅಲ್ಲೂ ಮೇಲೆ ಬಿಳಿ ಕೂತಿದ್ದರೆ 800ರ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ; ಅಂಕಿ ಹೆಚ್ಚಿದಷ್ಟೂ ನಯ) ನೀರಿನಲ್ಲಿ ನೆನೆಸಿ, ಒಂದೇ ಜಾಗದಲ್ಲಿ ದುಂಡಗೆ ಉಜ್ಜಿ. ಆಮೇಲೆ 1500, ಕೊನೆಗೆ 2000. ಪದರಗಳು ಉಂಗುರಗಳ ಹಾಗೆ ಒಂದರ ಸುತ್ತ ಒಂದು ಬಿಚ್ಚಿಕೊಳ್ಳುತ್ತವೆ. ನಡುವೆ ತಗಡು, ಅದರಾಚೆ ಪ್ರೈಮರ್, ಪ್ರೈಮರಿಗೆ ನೇರವಾಗಿ ಅಂಟಿದ ಬಣ್ಣವೇ ಕಾರ್ಖಾನೆಯದು. ಮಧ್ಯೆ ಪುಟ್ಟಿ ಕಂಡರೆ ಅದು ರಿಪೇರಿಯಾದ ಜಾಗ, ಬೇರೆಡೆ ನೋಡಿ. ಬೂದು ಪ್ರೈಮರನ್ನೇ ಬಣ್ಣವೆಂದು ತಿಳಿಯುವ ಅಪಾಯ ನಿಮಗೆ ಹೆಚ್ಚು: ಪ್ರೈಮರ್ ಎಷ್ಟು ಉಜ್ಜಿದರೂ ಹೊಳೆಯದು.

ಸಿಕ್ಕ ಜಾಗಕ್ಕೆ ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತರಿಸದೆ ಹೊಸ ಬಣ್ಣ ಹೊಂದಿಸಲು ಹೋಗಬೇಡಿ. ಪುಡಿಗಟ್ಟಿದ ಹಳೆ ಬಣ್ಣ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಬಣ್ಣ ಅಳೆಯುವ ಸ್ಕ್ಯಾನರ್ ಕೂಡ ಅದನ್ನೇ ಓದುತ್ತದೆ. ಮಿಶ್ರಣ ಬಂದಮೇಲೆ ತಗಡಿನ ತುಂಡಿಗೆ ಹೊಡೆಸಿ, ಪೂರ್ತಿ ಒಣಗಿದ ನಂತರ ಬಿಸಿಲಿನಲ್ಲೂ ನೆರಳಿನಲ್ಲೂ ಹಿಡಿದು ನೋಡಿ. ಟ್ಯೂಬ್‌ಲೈಟಿನಡಿ ಒಂದೇ ಅನಿಸಿದ ಎರಡು ಬೂದುಗಳು ಹೊರಗೆ ಬೇರೆಯಾಗುತ್ತವೆ.

ಕೆಳಗಿನ ಪದರದ ಜಾತಿಯೂ ಗೊತ್ತಿರಲಿ. ಥಿನ್ನರ್ ಅದ್ದಿದ ಹತ್ತಿಯಿಂದ ಒಂದು ನಿಮಿಷ ಉಜ್ಜಿದಾಗ ಹತ್ತಿಗೆ ಬಣ್ಣ ಹತ್ತಿದರೆ ಅದು ಡ್ಯೂಕೊ, ಅಂದರೆ ಥಿನ್ನರಿನಲ್ಲಿ ಕರಗುವ ಹಳೆಯ ಲ್ಯಾಕರ್ ಪೇಂಟ್. ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್. ಸಿಂಥೆಟಿಕ್ ಮೇಲೆ ಕಟು ಥಿನ್ನರಿನ ಪೇಂಟ್ ಹೊಡೆದರೆ ಇಡೀ ಪ್ಯಾನೆಲ್ ಏಳುತ್ತದೆ, ತಗಡಿನವರೆಗೂ ಕೆರೆಸಬೇಕು. ಹೊಸದಾಗಿ ಹೊಡೆಯುವುದು 2ಕೆ (ಹಾರ್ಡನರ್ ಬೆರೆಸಿ ಗಟ್ಟಿಯಾಗಿಸುವ ಪೇಂಟ್) ಆದರೆ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಬೇಡವೆನ್ನಿ. ಗಾಜಿನಂಥ ಆ ಹೊಳಪು 1967ರ ಕಾರಿನದಲ್ಲ. ಎಲ್ಲ ಡಬ್ಬಿಗಳ ಬಣ್ಣವನ್ನೂ ಮೊದಲೇ ಒಂದೇ ಪಾತ್ರೆಗೆ ಸುರಿದು ಕಲಸಿಸಿ, ಇಲ್ಲವಾದರೆ ಬಾಗಿಲೇ ಒಂದು ಬಣ್ಣ, ಬಾನೆಟ್ಟೇ ಒಂದು ಬಣ್ಣವಾದೀತು. 2ಕೆ ಹಾರ್ಡನರ್‌ನ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಪೇಂಟರ್‌ಗೆ ಬಟ್ಟೆಯ ಮಾಸ್ಕ್ ಸಾಲದು, ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು.

ಪ್ರಶ್ನೆ: ಬೀಡಿಂಗ್ (ಬಾಡಿಯ ಮೇಲಿನ ಲೋಹದ ಪಟ್ಟಿ), ಬ್ಯಾಡ್ಜ್ ಎಲ್ಲವನ್ನೂ ಒಟ್ಟಿಗೆ ಕ್ರೋಮ್ ಮಾಡಿಸಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಲೋಹ ಬೇರೆಯಾದರೆ ಕೆಲಸವೂ ಬೇರೆ. ಸ್ಟೇನ್‌ಲೆಸ್ ಬೀಡಿಂಗ್‌ಗೆ ಬಫಿಂಗ್ ಸಾಕು. ಕೆಲವು ಸ್ಟೇನ್‌ಲೆಸ್‌ಗೂ ಆಯಸ್ಕಾಂತ ಅಂಟುವುದರಿಂದ ಲೋಹ ಗುರುತಿಸಲು ಅದೊಂದನ್ನೇ ನಂಬಬೇಡಿ. ಅಲ್ಯೂಮಿನಿಯಂ ಆದರೆ ಮಲ್ಟಿಮೀಟರಿನ ಎರಡೂ ಮೊನೆಗಳನ್ನು ಮೆಲ್ಲಗೆ ತಾಗಿಸಿ. ಕರೆಂಟ್ ಹರಿಯದಿದ್ದರೆ ಮೇಲೆ ಆನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಬೆಳೆಸಿದ ಗಟ್ಟಿ ಆಕ್ಸೈಡ್ ಪದರ) ಅಥವಾ ಲ್ಯಾಕರ್ ಇದೆ, ಅದನ್ನು ತೆಗೆಯದೆ ಪಾಲಿಶ್ ಕೂರದು. ಬ್ಯಾಡ್ಜ್‌ಗಳು ಹೆಚ್ಚಾಗಿ ಸತುವಿನ ಎರಕ. ತುಕ್ಕು ತೆಗೆಯುವ ಆಸಿಡ್ ತೊಟ್ಟಿಗೆ ಹಾಕಿದರೆ ಸತುವನ್ನೇ ತಿಂದುಹಾಕುತ್ತದೆ. ಹಳೆ ಪದರ ತೆಗೆಸಿ, ಗುಳಿಗಳನ್ನು ತುಂಬಿಸಿ, ಮೊದಲು ತಾಮ್ರ, ನಂತರ ನಿಕಲ್, ಕೊನೆಗೆ ಕ್ರೋಮ್ ಹಾಕಿಸಿ. ಬಫ್ ಮಾಡುವವರಿಗೆ ಅಕ್ಷರಗಳ ಅಂಚು ಮುಟ್ಟದಂತೆ ಹೇಳಿ. ಸವೆದ ಅಕ್ಷರ ಮರಳಿ ಬಾರದು. ಕೊಡುವ ಮುನ್ನ ಪ್ರತಿ ತುಂಡಿನ ಫೋಟೊ, ಕ್ಲಿಪ್ಪುಗಳ ಅಂತರದ ಅಳತೆ ಬರೆದಿಡಿ.

ಪ್ರಶ್ನೆ: ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕೇ?
– ಓದುಗರು, ಮೈಸೂರು

ಉತ್ತರ: ಹೌದು. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಹೊಡೆಸುವ ಮೊದಲೇ ಅರ್ಜಿ ಕೊಡಿ. ನೋಂದಣಿಯಾಗಿ 50 ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಸಾಧ್ಯ: ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ದಿನವೂ ಓಡಿಸುವ ಕಾರಾದರೆ ಆ ನೋಂದಣಿಗೆ ಹೋಗಬೇಡಿ, ನಿತ್ಯದ ಓಡಾಟಕ್ಕೆ ಅದರಲ್ಲಿ ಅವಕಾಶವಿಲ್ಲ.